ಆಶಾ ಕಾರ್ಯಕರ್ತೆಯಿಂದ ಊರು ಏನನ್ನು ನಿರೀಕ್ಷಿಸಬೇಕು?

ಪ್ರಶ್ನೆ – ಗ್ರಾಮ ಪಂಚಾಯಿತಿ ಸದಸ್ಯ, ರಾಯಚೂರು ಜಿಲ್ಲೆ

ಎಲ್ಲರಿಗೂ ನಮಸ್ಕಾರ. ಈ ವರ್ಷ ನಮ್ಮೂರಿನ ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕ ಸಮಿತಿಯ ಅಧ್ಯಕ್ಷತೆ ನನ್ನ ಪಾಲಿಗೆ ಬಂದಿದೆ. ಮೊದಲ ಸಭೆಯಲ್ಲೇ ಆಶಾ ಕಾರ್ಯಕರ್ತೆಯ ಮೇಲೆ ದೂರುಗಳು ಬಂದವು. ಅವರು ಸಮೀಕ್ಷೆಗೆ ಬರುತ್ತಾರೆ, ಬಸುರಿಯರನ್ನು ಹೆರಿಗೆಗೆ ಕರೆದೊಯ್ಯುತ್ತಾರೆ, ಆದರೆ ಜ್ವರ ಬಂದರೆ ಒಂದು ಸೂಜಿಯನ್ನೂ ಹಾಕುವುದಿಲ್ಲ ಎಂಬುದು ಜನರ ಅಸಮಾಧಾನ. ಪ್ರಾಥಮಿಕ ಆರೋಗ್ಯ ಕೇಂದ್ರ ನಮ್ಮಿಂದ 14 ಕಿಲೋಮೀಟರ್ ದೂರದಲ್ಲಿದೆ, ಸಂಜೆಯಾದ ಮೇಲೆ ಬಸ್ಸಿಲ್ಲ. ಆದ್ದರಿಂದ ಜನರ ಮಾತನ್ನು ತಳ್ಳಿಹಾಕಲೂ ಮನಸ್ಸು ಬರುವುದಿಲ್ಲ. ಆಶಾ ಅವರ ನಿಜವಾದ ಕೆಲಸ ಯಾವುದು, ಸಮಿತಿ ಅವರಿಗೆ ಹೇಗೆ ನೆರವಾಗಬೇಕು ಎಂಬುದನ್ನು ತಿಳಿದವರು ದಯವಿಟ್ಟು ವಿವರಿಸಬೇಕು.

ಉತ್ತರ – ನಿವೃತ್ತ ಕಿರಿಯ ಮಹಿಳಾ ಆರೋಗ್ಯ ಸಹಾಯಕಿ

ಅಧ್ಯಕ್ಷರೇ, ಸೂಜಿ ಹಾಕುವುದು ಉಪಕೇಂದ್ರದಲ್ಲಿರುವ ನಮ್ಮಂಥವರ ಕೆಲಸವೇ ಹೊರತು ಆಶಾ ಅವರದ್ದಲ್ಲ. 2005ರಲ್ಲಿ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನ ಆರಂಭವಾದಾಗ, ಸುಮಾರು 1,000 ಜನರಿಗೆ ಒಬ್ಬರಂತೆ, ಅದೇ ಊರಿನಲ್ಲಿ ಬಾಳುವ ಹೆಣ್ಣುಮಗಳನ್ನೇ ಈ ಕೆಲಸಕ್ಕೆ ಆರಿಸಬೇಕೆಂದು ನಿಯಮ ಮಾಡಿದ್ದಕ್ಕೆ ಕಾರಣವಿದೆ. ಐದು ಸಾವಿರ ಜನರನ್ನು ನೋಡಿಕೊಳ್ಳುವ ಉಪಕೇಂದ್ರದವರಿಗೆ ಬಾಣಂತಿಯ ಕೋಣೆಯೊಳಗೆ ಮತ್ತೆ ಮತ್ತೆ ಹೋಗಿ ಕುಳಿತುಕೊಳ್ಳಲು ಆಗುವುದಿಲ್ಲ.

ಆಸ್ಪತ್ರೆಯಲ್ಲಿ ಹೆರಿಗೆಯಾದ ಮಗುವನ್ನು ಆಶಾ 3, 7, 14, 21, 28 ಮತ್ತು 42ನೇ ದಿನಗಳಲ್ಲಿ ಮನೆಗೇ ಹೋಗಿ ನೋಡಬೇಕು. ತೂಕ, ಮೈಶಾಖ, ಉಸಿರಿನ ವೇಗ, ಹೊಕ್ಕುಳು, ಹಾಲು ಕುಡಿಯುವ ರೀತಿ, ಜೊತೆಗೆ ತಾಯಿಯ ರಕ್ತಸ್ರಾವ, ಇವೆಲ್ಲವನ್ನೂ ಗಮನಿಸಬೇಕು. ನನ್ನ ವ್ಯಾಪ್ತಿಯ ಒಂದು ಹಳ್ಳಿಯಲ್ಲಿ ಏಳನೇ ದಿನದ ಭೇಟಿಗೆ ಹೋದ ಆಶಾಗೆ ಮಗುವಿನ ಅಜ್ಜಿ, “ನಮ್ಮ ಕೂಸು ಬಹಳ ಸಾಧು, ಅಳುವುದೇ ಇಲ್ಲ” ಎಂದು ಸಂತೋಷದಿಂದ ಹೇಳಿದ್ದರಂತೆ. ಆಕೆ ಅಂಗಾಲು ಮುಟ್ಟಿ ನೋಡಿದರೆ ತಣ್ಣಗಿತ್ತು, ಮಗು ಬೆಳಗಿನಿಂದ ಮೊಲೆ ಹಿಡಿದಿರಲಿಲ್ಲ. ತಾಯಿಯ ಎದೆಗೆ ಮಗುವನ್ನು ಅಪ್ಪಿಸಿ, ಬಟ್ಟೆ ಹೊದಿಸಿ, ಅದೇ ಗಳಿಗೆಯಲ್ಲಿ ಜಿಲ್ಲಾಸ್ಪತ್ರೆಗೆ ಹೊರಡಿಸಿದರು. ಮಗು ಉಳಿಯಿತು. ಆ ಮನೆಯವರ ಕಣ್ಣಿಗೆ ಅಲ್ಲಿ ಕಾಯಿಲೆಯೇ ಇರಲಿಲ್ಲ ಎಂಬುದನ್ನು ನಿಮ್ಮ ಸಭೆಯಲ್ಲಿ ದಯವಿಟ್ಟು ಹೇಳಿ.

ಉತ್ತರ – ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕೆಲಸ ಮಾಡಿದ ವೈದ್ಯ

ಅಮ್ಮನವರ ಮಾತಿಗೆ ಒಂದು ಸಂಗತಿಯನ್ನು ಸೇರಿಸಬೇಕು. ಈ ಮನೆಭೇಟಿಯ ಕ್ರಮಕ್ಕೆ ದಾರಿ ತೋರಿದ್ದು ಮಹಾರಾಷ್ಟ್ರದ ಗಡಚಿರೋಲಿಯಲ್ಲಿ ಡಾ. ಅಭಯ್ ಬಂಗ್ ಮತ್ತು ಡಾ. ರಾಣಿ ಬಂಗ್ ನಡೆಸಿದ ಪ್ರಯೋಗ. ಅಲ್ಲಿ ತರಬೇತಿ ಪಡೆದ ಹಳ್ಳಿಯ ಹೆಣ್ಣುಮಕ್ಕಳು, ನಂಜಾದ ನವಜಾತ ಶಿಶುಗಳಿಗೆ ಸೂಜಿಯನ್ನೂ ಹಾಕುತ್ತಿದ್ದರು. ನವಜಾತ ಶಿಶುಗಳ ಸಾವು ಅರ್ಧಕ್ಕಿಂತಲೂ ಹೆಚ್ಚು ತಗ್ಗಿತೆಂದು 1999ರಲ್ಲಿ ಪ್ರಕಟವಾಯಿತು. ಆದ್ದರಿಂದ ಹಳ್ಳಿಯ ಹೆಣ್ಣುಮಗಳಿಗೆ ಇದು ಸಾಧ್ಯವೇ ಇಲ್ಲವೆಂದು ನಾನು ಒಪ್ಪುವುದಿಲ್ಲ. ಆದರೆ ಅಲ್ಲಿ ಬಿಗಿಯಾದ ತರಬೇತಿಯೂ ನಿರಂತರ ಮೇಲ್ವಿಚಾರಣೆಯೂ ಇದ್ದವು. ಅವೆರಡೂ ಇಲ್ಲದೆ ಸೂಜಿಯನ್ನು ಮಾತ್ರ ಕೈಗೆ ಕೊಟ್ಟರೆ ಅಪಾಯ. ಅದಲ್ಲದೆ, ಪ್ರತಿ ಜ್ವರಕ್ಕೂ ಸೂಜಿ ಬೇಕೆಂಬ ನಂಬಿಕೆಯೇ ತಪ್ಪು.

ಉತ್ತರ – ಆಶಾ ಕಾರ್ಯಕರ್ತೆ

ಸರ್, ಆ ಆರೂ ಭೇಟಿಗಳನ್ನು ಪೂರೈಸಿದರೆ ನಮಗೆ ಸಿಗುವ ಪ್ರೋತ್ಸಾಹಧನ 250 ರೂಪಾಯಿ. ಮಗು ಚೆನ್ನಾಗಿದೆಯೋ ಇಲ್ಲವೋ ಎಂದು ಅನುಮಾನ ಬಂದು ನಡುವೆ ಇನ್ನೆರಡು ಸಲ ಹೋದರೆ ಅದು ಯಾವ ಲೆಕ್ಕಕ್ಕೂ ಬರುವುದಿಲ್ಲ, ಆದರೂ ಹೋಗುತ್ತೇವೆ. 2025ರ ಜನವರಿಯ ಚಳಿಯಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕ್‌ನಲ್ಲಿ ನಾವು ಹಗಲು ರಾತ್ರಿ ಧರಣಿ ಕುಳಿತದ್ದು ಗೌರವಧನಕ್ಕಾಗಿ ಮಾತ್ರವಲ್ಲ, ನಮ್ಮ ದುಡಿಮೆಯನ್ನು ದುಡಿಮೆಯೆಂದು ಒಪ್ಪಿಕೊಳ್ಳಲಿ ಎಂದೂ ಹೌದು. ಊರಿನಿಂದ ನಾವು ಕೇಳುವುದು ಇಷ್ಟೇ: ರಾತ್ರಿ ಹೆರಿಗೆ ನೋವು ಬಂದು, 108 ತಡವಾದರೆ, ಬರುವ ಒಂದು ಗಾಡಿ ಯಾವುದೆಂದು ಮೊದಲೇ ಗೊತ್ತಿರಬೇಕು.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಕೃತಜ್ಞತೆಗಳು. ಆರು ಭೇಟಿಗಳ ವಿಷಯ ಸಮಿತಿಯ ಒಬ್ಬ ಸದಸ್ಯರಿಗೂ ತಿಳಿದಿರಲಿಲ್ಲ, ನನಗೂ ತಿಳಿದಿರಲಿಲ್ಲ. ಮುಂದಿನ ಸಭೆಗೆ ಊರಿನ ಜೀಪು ಮತ್ತು ಟಂಟಂ ಮಾಲೀಕರನ್ನು ಕರೆಯುತ್ತೇನೆ. ಬಡವರ ಮನೆಯ ತುರ್ತು ಪ್ರಯಾಣದ ಬಾಡಿಗೆಯನ್ನು ಸಮಿತಿಯ ಅನ್‌ಟೈಡ್ ನಿಧಿಯಿಂದ, ಅಂದರೆ ಇಂಥದ್ದಕ್ಕೇ ಎಂದು ಕಟ್ಟಿಹಾಕದ ಹಣದಿಂದ, ಕೊಡಬಹುದೇ?

ಉತ್ತರ – ನಿವೃತ್ತ ಕಿರಿಯ ಮಹಿಳಾ ಆರೋಗ್ಯ ಸಹಾಯಕಿ

ಖಂಡಿತ ಕೊಡಬಹುದು. ಸಭೆಯಲ್ಲಿ ಠರಾವು ಬರೆಸಿ, ಬಾಡಿಗೆಯ ರಸೀದಿ ಇಟ್ಟುಕೊಳ್ಳಿ. ಸಮಿತಿಯ ಕಾರ್ಯದರ್ಶಿ ನಿಮ್ಮ ಆಶಾ ಅವರೇ ಆಗಿರುವುದರಿಂದ, ಸಭೆಯ ದಿನವನ್ನು ಅವರ ಮನೆಭೇಟಿಯ ದಿನ ನೋಡಿಕೊಂಡು ಗೊತ್ತುಮಾಡಿ.