ಕೋಡಿಂಗ್‌ಗೆ ಹೊಸ ಡೆಸ್ಕ್‌ಟಾಪ್, ದುಡ್ಡು ಯಾವ್ದಕ್ಕೆ ಹಾಕ್ಲಿ?

ಪ್ರಶ್ನೆ:
ಆಂಡ್ರಾಯ್ಡ್ ಸ್ಟುಡಿಯೋ (ಫೋನ್ ಆ್ಯಪ್ ಬರಿಯೋ ಸಾಫ್ಟ್‌ವೇರ್), ಎಮ್ಯುಲೇಟರ್ (ಕಂಪ್ಯೂಟರ್ ಒಳಗೇ ಓಡೋ ನಕಲಿ ಫೋನ್), ಡಾಕರ್ (ಪ್ರೋಗ್ರಾಂಗಳನ್ನ ಬೇರೆಬೇರೆ ಡಬ್ಬಿ ಥರ ಇಟ್ಟು ಓಡ್ಸೋದು) ಮೂರೂ ಒಟ್ಟಿಗೆ ಓಡ್ಬೇಕು, ಈಗಿರೋ 8 ಜಿಬಿ ರ‍್ಯಾಮ್ ಲ್ಯಾಪ್‌ಟಾಪ್ ಬಿಲ್ಡ್ (ಕೋಡನ್ನ ಆ್ಯಪ್ ಮಾಡೋದು) ಕೊಟ್ರೆ ಹ್ಯಾಂಗ್ ಆಗತ್ತೆ. ಗೇಮ್ ಆಡಲ್ಲ. ಬೆಂಗಳೂರಿನ ಎಸ್‌ಪಿ ರೋಡ್ ಕಂಪ್ಯೂಟರ್ ಅಂಗಡೀಲಿ ಒಬ್ರು ಗ್ರಾಫಿಕ್ಸ್ ಕಾರ್ಡ್ ಬೇಕೇ ಬೇಕು ಅಂದ್ರು, ನಿಜಾನಾ?

ಉತ್ತರ 1:
ಬೇಡ ಗುರು. ರೈಜನ್ 7 7700 ಪ್ರೊಸೆಸರ್ ತಗೋ, 8 ಕೋರ್ 16 ಥ್ರೆಡ್, ಮಾನಿಟರ್‌ಗೆ ಸಾಕಾಗೋಷ್ಟು ಗ್ರಾಫಿಕ್ಸ್ ಅದ್ರೊಳಗೇ ಇದೆ, ಆ ಕಾರ್ಡ್ ದುಡ್ಡು ರ‍್ಯಾಮ್‌ಗೆ ಹಾಕು, 32 ಜಿಬಿಗಿಂತ ಕಮ್ಮಿ ಬೇಡ್ವೇ ಬೇಡ. 16 ಜಿಬಿಯ ಎರಡು ಸ್ಟಿಕ್ ಹಾಕ್ಸು, ಡಿಡಿಆರ್5 (ಈ ಪ್ರೊಸೆಸರ್‌ಗೆ ಹಾಕೋ ರ‍್ಯಾಮ್) ನಲ್ಲಿ ನಾಲ್ಕೂ ಸ್ಲಾಟ್ ತುಂಬಿದ್ರೆ ಸ್ಪೀಡ್ ಇಳಿಯತ್ತೆ.

ಉತ್ತರ 2:
ಮೇಲಿನವ್ರು ಹೇಳಿದ್ದು ಸರಿ. ಎನ್‌ವಿಎಂಇ ಎಸ್‌ಎಸ್‌ಡಿ (ಫೈಲ್ ಇಡೋ ಫಾಸ್ಟ್ ಡ್ರೈವ್) 1 ಟಿಬಿ ಇರ್ಲಿ, ಡಾಕರ್ ಇಮೇಜ್‌ಗಳು (ಅದು ಪ್ರೋಗ್ರಾಂ ಓಡ್ಸೋಕೆ ಇಟ್ಕೊಳ್ಳೋ ಫೈಲ್‌ಗಳು) ಜಾಗ ತಿಂತಾನೇ ಇರ್ತವೆ. ಆಮೇಲೆ ಯುಪಿಎಸ್ ಮರೀಬೇಡಿ, ನಮ್ಮನೇಲಿ ಕರೆಂಟ್ ಹೋಗಿ ಡೇಟಾಬೇಸ್ ಫೈಲೇ ಕರಪ್ಟ್ ಆಗಿತ್ತು, ಎರಡು ದಿನ ಹಿಡೀತು ಸರಿ ಮಾಡೋಕೆ.