ಮನೆಗೆ ಸೋಲಾರ್ ಹಾಕಿಕೊಟ್ಟ ಗುತ್ತಿಗೆದಾರರು ಸ್ಪಂದಿಸುತ್ತಿಲ್ಲ. ದೂರನ್ನು ಎಲ್ಲಿಂದ ಆರಂಭಿಸಬೇಕು?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯ ತಾರಸಿಯ ಮೇಲೆ 14 ತಿಂಗಳ ಹಿಂದೆ 5 ಕಿಲೋವ್ಯಾಟ್ ಸೋಲಾರ್ ಹಾಕಿಸಿದೆವು. ತಲಾ 415 ವ್ಯಾಟಿನ 12 ಪ್ಯಾನೆಲ್‌ಗಳಿವೆ. ಆರಾರು ಪ್ಯಾನೆಲ್‌ಗಳ ಎರಡು ಸಾಲು ಮಾಡಿ ಒಂದೇ ಇನ್ವರ್ಟರಿಗೆ ಜೋಡಿಸಿದ್ದಾರೆ. ವರ್ಷಕ್ಕೆ 7,000 ಯೂನಿಟ್ ಬರುತ್ತದೆ ಎಂದು ಕೊಟೇಶನ್ನಿನಲ್ಲಿ ಬರೆದುಕೊಟ್ಟಿದ್ದರು, ಆದರೆ ಮೊದಲ 12 ತಿಂಗಳಲ್ಲಿ ಬಂದದ್ದು 5,300 ಮಾತ್ರ. ಇದಲ್ಲದೆ, ಚೌಕಟ್ಟಿನ ಕಾಲನ್ನು ಬೋಲ್ಟ್ ಹಾಕಿ ಕೂರಿಸಿದ ಜಾಗದ ನೇರ ಕೆಳಗೆ, ಮಲಗುವ ಕೋಣೆಯ ಚಾವಣಿಯಲ್ಲಿ ಮೊದಲ ಮಳೆಗೇ ಅಂಗೈಯಗಲದ ಒದ್ದೆ ಕಾಣಿಸಿಕೊಂಡು, ಈಗ ಗಾರೆ ಉಬ್ಬಿ ಬೆರಳು ತಾಗಿಸಿದರೆ ಉದುರುತ್ತಿದೆ.

ಫೋನ್ ಮಾಡಿದಾಗಲೆಲ್ಲ ‘ಈ ವರ್ಷ ಮೋಡ ಹೆಚ್ಚು, ಹುಡುಗರನ್ನು ಕಳಿಸುತ್ತೇನೆ’ ಎನ್ನುತ್ತಾರೆ, ಯಾರೂ ಬಂದಿಲ್ಲ. ಕೊನೆಯ ಕಂತಾದ ಶೇ. 10ರಷ್ಟು ಹಣವನ್ನು ನಾನಿನ್ನೂ ಕೊಟ್ಟಿಲ್ಲ. ಉಳಿದದ್ದರಲ್ಲಿ ಹೆಚ್ಚಿನ ಪಾಲು ಸಾಲದ ಹಣ. ಕೆಲಸಕ್ಕೆ 2 ವರ್ಷದ ವಾರಂಟಿ ಇದೆ ಎಂದು ಕರಾರಿನಲ್ಲಿದೆ. ನೇರವಾಗಿ ನ್ಯಾಯಾಲಯಕ್ಕೆ ಹೋಗಬೇಕೇ, ಅಥವಾ ಅದಕ್ಕೆ ಮೊದಲು ಮಾಡಬೇಕಾದದ್ದು ಏನಾದರೂ ಇದೆಯೇ? ಅನುಭವವುಳ್ಳವರು ದಯವಿಟ್ಟು ತಿಳಿಸಿ.

ಉತ್ತರ 1: ವಿದ್ಯುತ್ ಎಂಜಿನಿಯರ್

ಎಲ್ಲಿಗೆ ಹೋಗಬೇಕು ಎನ್ನುವುದಕ್ಕಿಂತ ಮೊದಲು, ತಪ್ಪು ಯಾವುದು ಮತ್ತು ಅದು ಯಾರದ್ದು ಎನ್ನುವುದನ್ನು ಬಿಡಿಸಿಕೊಳ್ಳಿ. ನೀವು ಒಂದೇ ಉಸಿರಿನಲ್ಲಿ ಹೇಳಿದ ದೂರಿನಲ್ಲಿ ಕನಿಷ್ಠ ಮೂರು ಬೇರೆ ಬೇರೆ ದೂರುಗಳಿವೆ. ಸೋರಿಕೆ ಕೆಲಸದ ದೋಷ. ಅದಕ್ಕೆ ಗುತ್ತಿಗೆದಾರರೇ ಹೊಣೆ. ಪ್ಯಾನೆಲ್ ಅಥವಾ ಇನ್ವರ್ಟರ್ ಕೆಟ್ಟಿದ್ದರೆ ತಯಾರಕರ ವಾರಂಟಿ ಬಳಕೆಗೆ ಬರುತ್ತದೆ. ಎಲ್ಲವೂ ಸರಿಯಿದ್ದೂ ಯೂನಿಟ್ ಕಡಿಮೆ ಬರುತ್ತಿದ್ದರೆ, ಒಂದೋ ನೆರಳನ್ನು ಗಮನಿಸದೆ ವಿನ್ಯಾಸ ಮಾಡಿದ್ದಾರೆ, ಇಲ್ಲವೇ ಕೊಟೇಶನ್ನಿನ ಅಂಕಿಯೇ ಉಬ್ಬಿಸಿದ್ದು.

ಇನ್ವರ್ಟರಿನ ಪರದೆಯಲ್ಲಿ ಎರಡೂ ಸಾಲುಗಳ ವೋಲ್ಟೇಜ್ ಪ್ರತ್ಯೇಕವಾಗಿ ಕಾಣಿಸುತ್ತದೆ. ಬಿಸಿಲು ನಿಚ್ಚಳವಾಗಿರುವ ಮಧ್ಯಾಹ್ನ ಎರಡನ್ನೂ ಬರೆದುಕೊಂಡು, ಫೋಟೋ ತೆಗೆದು ಇಲ್ಲಿ ಹಾಕಿ. ಒಂದು ಎಚ್ಚರಿಕೆಯ ಮಾತು: ‘5 ಕಿಲೋವ್ಯಾಟ್ ಎಂದು ಹೇಳಿ ಮಧ್ಯಾಹ್ನ 4 ಮಾತ್ರ ತೋರಿಸುತ್ತಿದೆ’ ಎಂದು ದೂರಿನಲ್ಲಿ ಬರೆಯಬೇಡಿ. ಪ್ಯಾನೆಲ್ ಮೇಲಿನ ವ್ಯಾಟ್ ಸಂಖ್ಯೆಯನ್ನು ಚದರ ಮೀಟರಿಗೆ 1,000 ವ್ಯಾಟ್ ಬಿಸಿಲು ಮತ್ತು 25 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಅಳೆದಿರುತ್ತಾರೆ. ಬಿಸಿಲಿಗೆ ಕಾದ ಪ್ಯಾನೆಲ್ 60 ಡಿಗ್ರಿ ಮುಟ್ಟುವುದು ಸಾಮಾನ್ಯ, ಮತ್ತು ಪ್ರತಿ ಡಿಗ್ರಿಗೆ ಸುಮಾರು ಶೇ. 0.3ರಿಂದ 0.4ರಷ್ಟು ಶಕ್ತಿ ಕಡಿಮೆಯಾಗುತ್ತದೆ. ಇಂಥ ಒಂದು ದುರ್ಬಲ ಅಂಶವನ್ನು ಹಿಡಿದುಕೊಂಡು ಎದುರಿನವರು ನಿಮ್ಮ ನಿಜವಾದ ದೂರನ್ನೂ ತಳ್ಳಿಹಾಕುತ್ತಾರೆ.

ಕೆಲಸ ಮುಗಿದಾಗ ಮಾಡಿದ ಪರೀಕ್ಷೆಯ ವರದಿಯನ್ನೂ ಲಿಖಿತವಾಗಿ ಕೇಳಿ. ಐಇಸಿ 62446-1 ಎಂಬ ಅಂತರರಾಷ್ಟ್ರೀಯ ಮಾನದಂಡದಂತೆ ಪ್ರತಿ ಸಾಲಿನ ವೋಲ್ಟೇಜ್, ಕರೆಂಟ್, ಇನ್ಸುಲೇಷನ್ ಪರೀಕ್ಷೆಯ ಅಂಕಿಗಳು ಅದರಲ್ಲಿರಬೇಕು. ವರದಿ ಕೊಟ್ಟರೆ ಹೋಲಿಸಲು ಆಧಾರ ಸಿಗುತ್ತದೆ. ಕೊಡದಿದ್ದರೆ, ಪರೀಕ್ಷೆಯನ್ನೇ ಮಾಡಿಲ್ಲವೇ ಎಂದು ಕೇಳುವ ಅವಕಾಶ ನಿಮ್ಮದಾಗುತ್ತದೆ.

ಉತ್ತರ 2: ವಕೀಲೆ

ಮೇಲಿನವರ ಮಾತಿಗೆ ಕಾನೂನಿನ ಕಡೆಯಿಂದ ಒಂದಷ್ಟು ಸೇರಿಸುತ್ತೇನೆ. ಕೊಟೇಶನ್ನನ್ನು ಮತ್ತೊಮ್ಮೆ ಓದಿ: 7,000 ಯೂನಿಟ್ ಎನ್ನುವಲ್ಲಿ ‘ಅಂದಾಜು’ ಎಂದಿದೆಯೇ, ‘ಖಾತರಿ’ ಎಂದಿದೆಯೇ? ಖಾತರಿಯಾಗಿದ್ದರೆ ಕೊರತೆಯೇ ಕರಾರಿನ ಉಲ್ಲಂಘನೆ. ಅಂದಾಜಾಗಿದ್ದರೆ, ಆ ಅಂದಾಜಿಗೆ ತಕ್ಕ ಆಧಾರವಿರಲಿಲ್ಲ ಎಂದು ನೀವು ತೋರಿಸಬೇಕಾಗುತ್ತದೆ. ಅದು ಕಷ್ಟವೇ ಹೊರತು ಅಸಾಧ್ಯವಲ್ಲ.

ಇನ್ನು ಮುಂದೆ ಫೋನಿನಲ್ಲಿ ಮಾತಾಡಿದರೂ, ಅದೇ ದಿನ ‘ಇಂದು ಹೀಗೆ ಮಾತಾಯಿತು’ ಎಂದು ಸಂದೇಶ ಅಥವಾ ಇಮೇಲ್ ಕಳಿಸಿಬಿಡಿ. ಆಮೇಲೆ ನೋಟಿಸು: ದೋಷಗಳ ವಿವರ, ಕರಾರಿನ ಸಂಬಂಧಪಟ್ಟ ಷರತ್ತು, ನಿಮಗೆ ಬೇಕಾದ ಪರಿಹಾರ, ಜಂಟಿ ಪರಿಶೀಲನೆಗೆ ದಿನಾಂಕ, ಮತ್ತು ದುರಸ್ತಿಗೆ ನ್ಯಾಯವಾದ ಗಡುವು. ಇದನ್ನು ಅಂಚೆಯಲ್ಲೂ ಇಮೇಲಿನಲ್ಲೂ ಕಳಿಸಿ, ತಲುಪಿದ ರಸೀದಿಯನ್ನು ಇಟ್ಟುಕೊಳ್ಳಿ. ನಿಮ್ಮ 2 ವರ್ಷದ ವಾರಂಟಿಯಲ್ಲಿ ಉಳಿದಿರುವುದು 10 ತಿಂಗಳು. ಅದು ಮುಗಿಯುವವರೆಗೆ ಸಿಹಿಮಾತಿನಲ್ಲೇ ದಿನ ತಳ್ಳಿಸುವ ಗುತ್ತಿಗೆದಾರರನ್ನು ನಾನು ಸಾಕಷ್ಟು ನೋಡಿದ್ದೇನೆ. ಈ ಒಂದು ಕಾರಣಕ್ಕಾಗಿಯೇ ನೋಟಿಸನ್ನು ಮುಂದೂಡಬೇಡಿ ಎಂದು ಒತ್ತಿ ಹೇಳುತ್ತಿದ್ದೇನೆ.

ಕೊನೆಯ ಕಂತನ್ನು ಸುಮ್ಮನೆ ಹಿಡಿದಿಟ್ಟುಕೊಂಡರೆ ಕರಾರು ಮುರಿದವರು ನೀವೇ ಎಂದಾಗುವ ಅಪಾಯವಿದೆ. ಯಾವ ದೋಷಕ್ಕಾಗಿ ತಡೆಹಿಡಿದಿದ್ದೀರಿ, ಯಾವಾಗ ಕೊಡುತ್ತೀರಿ ಎಂಬುದು ಬರಹದಲ್ಲಿರಲಿ. ಸಾಲದ ಕಂತನ್ನಂತೂ ಸಿಟ್ಟಿನಲ್ಲಿ ನಿಲ್ಲಿಸಬೇಡಿ. ಸಾಲ ಸಾಮಾನ್ಯವಾಗಿ ಪ್ರತ್ಯೇಕ ಕರಾರು. ಆದರೆ ಮಾರಾಟದ ಜೊತೆಗೇ ಹೆಣೆದುಕೊಂಡ ಸಾಲವಾಗಿದ್ದರೆ, ಸಾಲ ಕೊಟ್ಟವರ ಮೇಲೂ ಹಕ್ಕು ಸಾಧಿಸಲು ಕೆಲವು ದೇಶಗಳ ಕಾನೂನು ಅವಕಾಶ ಕೊಡುತ್ತದೆ. ಬ್ರಿಟನ್ನಿನ 1974ರ ಗ್ರಾಹಕ ಸಾಲ ಕಾಯ್ದೆಯ 75ನೇ ಕಲಂ ಅಂಥದ್ದು.

ಗಡುವು ಮೀರಿದರೆ ಮುಂದಿನ ದಾರಿಗಳು ಹಲವು. ಗುತ್ತಿಗೆದಾರರಿಗೆ ಪರವಾನಗಿ ಅಥವಾ ನೋಂದಣಿ ಕೊಟ್ಟ ಸಂಸ್ಥೆಗೆ ದೂರು ಕೊಡಬಹುದು. ಹಣ ಕೊಡಿಸುವ ಅಧಿಕಾರ ಅದಕ್ಕೆ ಇಲ್ಲದಿದ್ದರೂ, ನೋಂದಣಿ ಹೋದೀತೆಂಬ ಭಯಕ್ಕೆ ಕೆಲಸವಾಗುವುದುಂಟು. ಇಬ್ಬರೂ ಒಪ್ಪಿದರೆ ರಾಜಿ ಸಂಧಾನ ಕಡಿಮೆ ಖರ್ಚಿನದು, ನನ್ನ ಮಟ್ಟಿಗೆ ಸೋರಿಕೆಯಂಥ ದೂರಿಗೆ ಅದೇ ಒಳ್ಳೆಯದು. ಅದೂ ಫಲಿಸದಿದ್ದರೆ ಗ್ರಾಹಕ ನ್ಯಾಯಾಲಯ, ಅಥವಾ ಸಣ್ಣ ಮೊತ್ತದ ವ್ಯಾಜ್ಯಗಳ ನ್ಯಾಯಾಲಯ. ಅದಕ್ಕೆ ಮೊದಲು ಕರಾರಿನಲ್ಲಿ ಆರ್ಬಿಟ್ರೇಷನ್ ಷರತ್ತು, ಅಂದರೆ ವ್ಯಾಜ್ಯವನ್ನು ನ್ಯಾಯಾಲಯದ ಬದಲು ಖಾಸಗಿ ಮಧ್ಯಸ್ಥರೇ ತೀರ್ಮಾನಿಸಬೇಕೆಂಬ ಷರತ್ತು, ಇದೆಯೇ ನೋಡಿ. ಅಮೆರಿಕದಲ್ಲಿ ಅಂಥ ಷರತ್ತು ನ್ಯಾಯಾಲಯದ ಬಾಗಿಲನ್ನು ಬಹುಮಟ್ಟಿಗೆ ಮುಚ್ಚಿಬಿಡುತ್ತದೆ. ಭಾರತದಲ್ಲಿ ಅದು ಗ್ರಾಹಕ ಆಯೋಗಕ್ಕೆ ಹೋಗುವುದನ್ನು ತಡೆಯದು ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಎತ್ತಿಹಿಡಿದಿದೆ. ಕಾಲಮಿತಿಯೂ ಮುಖ್ಯ. ಭಾರತದ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಅದು ವ್ಯಾಜ್ಯಕಾರಣ ಉಂಟಾದ ದಿನದಿಂದ 2 ವರ್ಷ. ನಿಮಗೆ ಅನ್ವಯಿಸುವ ಮಿತಿ ಎಷ್ಟೆಂದು ಇವತ್ತೇ ತಿಳಿದುಕೊಳ್ಳಿ.

ಉತ್ತರ 3: ಇದೇ ದಾರಿಯಲ್ಲಿ ನಡೆದವರು

ನನ್ನದೂ ಸೋರಿಕೆಯ ಪ್ರಕರಣವೇ. ಕೆಲಸ ಮುಗಿದ ದಿನ ‘ತೃಪ್ತಿಕರವಾಗಿದೆ’ ಎಂಬ ಕಾಗದಕ್ಕೆ ಓದದೆ ಸಹಿ ಹಾಕಿದ್ದೆ. ಸಂಧಾನದ ಮೇಜಿನ ಮೇಲೆ ಅವರು ಮೊದಲು ಇಟ್ಟದ್ದು ಅದನ್ನೇ. ಸೋರಿಕೆ ಆಮೇಲೆ ಬಯಲಾದ ದೋಷ, ಸಹಿಯ ದಿನ ಕಾಣುವಂಥದ್ದಲ್ಲ ಎಂದು ನಿರೂಪಿಸಲು ನೆರವಾದದ್ದು ಸ್ವತಂತ್ರ ತಜ್ಞರೊಬ್ಬರ ನಾಲ್ಕು ಪುಟದ ವರದಿ. ಬೋಲ್ಟಿನ ಸುತ್ತ ಸೀಲಂಟ್ ಹಾಕಿಯೇ ಇರಲಿಲ್ಲ ಎನ್ನುವುದು ಅದರ ಫೋಟೋಗಳಲ್ಲಿ ಸ್ಪಷ್ಟವಾಗಿತ್ತು. ದುರಸ್ತಿಗೆ ಇಬ್ಬರು ಬೇರೆ ಗುತ್ತಿಗೆದಾರರಿಂದ ದರಪಟ್ಟಿ ತಂದಿದ್ದೆ, ಹಾಗಾಗಿ ಮೊತ್ತದ ಬಗ್ಗೆ ಹೆಚ್ಚು ಜಗ್ಗಾಟ ಆಗಲಿಲ್ಲ.

ರಾಜಿಪತ್ರಕ್ಕೆ ಸಹಿ ಹಾಕುವಾಗ ಎಚ್ಚರವಿರಲಿ. ನನಗೆ ಕೊಟ್ಟ ಕರಡಿನಲ್ಲಿ ‘ಇನ್ನು ಮುಂದೆ ಈ ವ್ಯವಸ್ಥೆಗೆ ಸಂಬಂಧಿಸಿದ ಯಾವ ಹಕ್ಕೂ ಇರುವುದಿಲ್ಲ’ ಎಂಬ ಸಾಲಿತ್ತು. ಚಾವಣಿಯ ರಿಪೇರಿಯೊಂದಕ್ಕಾಗಿ ಉಳಿದೆಲ್ಲ ವಾರಂಟಿಯನ್ನು ಬಿಟ್ಟುಕೊಟ್ಟಂತಾಗುತ್ತಿತ್ತು. ಅದನ್ನು ಹೊಡೆಸಿ, ‘ಸೋರಿಕೆಯ ವಿಷಯಕ್ಕೆ ಮಾತ್ರ’ ಎಂದು ಬರೆಸಿದೆ. ಇನ್ನೊಂದು ಮಾತು: ಇನ್ವರ್ಟರ್ ಆ್ಯಪಿನ ಖಾತೆ ಗುತ್ತಿಗೆದಾರರ ಹೆಸರಿನಲ್ಲಿದ್ದರೆ, ನೋಟಿಸು ಕಳಿಸುವ ಮೊದಲೇ ತಿಂಗಳುವಾರು ಅಂಕಿಗಳನ್ನು ಇಳಿಸಿಕೊಳ್ಳಿ. ಜಂಟಿ ಪರಿಶೀಲನೆಗೆ ಮುಂಚೆ ಬೇರೆಯವರಿಂದ ಬೋಲ್ಟ್ ಬಿಚ್ಚಿಸಬೇಡಿ.

ಪ್ರಶ್ನೆ ಕೇಳಿದವರು

ನಿಮ್ಮೆಲ್ಲರಿಗೂ ಕೃತಜ್ಞತೆಗಳು. ಕೊಟೇಶನ್ನಿನಲ್ಲಿ ಇರುವುದು ‘ಅಂದಾಜು’ ಎಂದೇ. ಇಂದು ಮಧ್ಯಾಹ್ನ ಮೊದಲ ಸಾಲಿನಲ್ಲಿ 176 ವೋಲ್ಟ್, ಎರಡನೆಯದರಲ್ಲಿ 147 ವೋಲ್ಟ್ ಇತ್ತು. ಸಂಜೆ ತಾರಸಿ ಹತ್ತಿ ಬಗ್ಗಿ ನೋಡಿದಾಗ, ಎರಡನೆಯ ಸಾಲಿನ ಒಂದು ಪ್ಯಾನೆಲ್ಲಿನ ಬೆನ್ನಿಗಿರುವ ಪುಟ್ಟ ಕಪ್ಪು ಡಬ್ಬಿಯ ಮೂಲೆ ಕಂದು ಬಣ್ಣಕ್ಕೆ ತಿರುಗಿ ಸೊಟ್ಟಗಾಗಿತ್ತು. ಹತ್ತಿರ ಹೋದರೆ ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ. ಇದನ್ನೂ ನೋಟಿಸಿನಲ್ಲಿ ಸೇರಿಸಲೇ?

ಉತ್ತರ 1 ಬರೆದವರು

ಸೇರಿಸಿ, ಆದರೆ ನೋಟಿಸಿನ ಗಡುವಿಗೆ ಕಾಯಬೇಡಿ. 29 ವೋಲ್ಟಿನ ವ್ಯತ್ಯಾಸವೆಂದರೆ ಹೆಚ್ಚುಕಡಿಮೆ ಒಂದು ಇಡೀ ಪ್ಯಾನೆಲ್ಲಿನ ವೋಲ್ಟೇಜು. ಡಬ್ಬಿಯೊಳಗಿನ ಬೈಪಾಸ್ ಡಯೋಡುಗಳು (ಪ್ಯಾನೆಲ್ಲಿನ ನೆರಳು ಬಿದ್ದ ಭಾಗವನ್ನು ಬಿಟ್ಟು ಕರೆಂಟನ್ನು ಬಳಸುದಾರಿಯಲ್ಲಿ ಸಾಗಿಸುವ ಬಿಡಿಭಾಗಗಳು) ಸುಟ್ಟು ಶಾರ್ಟ್ ಆಗಿರುವ ಸಾಧ್ಯತೆ ಹೆಚ್ಚು. ಹಾಗಾಗಿದ್ದರೆ ಇನ್ವರ್ಟರನ್ನು ಆರಿಸಿದರೂ, ಬಿಸಿಲಿರುವಷ್ಟು ಹೊತ್ತು ಆ ಡಬ್ಬಿಯೊಳಗೆ ಕರೆಂಟು ಸುತ್ತುತ್ತಲೇ ಇದ್ದು ಅದು ಕಾಯುತ್ತದೆ. ಇದು ಬೆಂಕಿಯ ಅಪಾಯ. ನೀವು ಅದನ್ನು ಮುಟ್ಟಬೇಡಿ, ಕನೆಕ್ಟರ್ ಎಳೆಯಬೇಡಿ. ಗುತ್ತಿಗೆದಾರರಿಗೆ ಇಂದೇ ಫೋಟೋ ಸಹಿತ ಬರೆದು, ನಾಳೆಯೊಳಗೆ ಬಾರದಿದ್ದರೆ ಅರ್ಹ ಎಲೆಕ್ಟ್ರಿಷಿಯನ್‌ನಿಂದ ಪ್ಯಾನೆಲ್ ತೆಗೆಸುತ್ತೇನೆ ಎಂದು ತಿಳಿಸಿ, ಹಾಗೆಯೇ ಮಾಡಿ. ಬೇರೆಯವರು ಮುಟ್ಟಬಾರದೆಂಬ ಮೇಲಿನ ಸಲಹೆ ಇದಕ್ಕೆ ಅನ್ವಯಿಸುವುದಿಲ್ಲ.

ಲೆಕ್ಕದಲ್ಲಿ ಇದರ ಪಾಲು ಎಷ್ಟೆಂದೂ ನೋಡಿಕೊಳ್ಳಿ. 12ರಲ್ಲಿ ಒಂದು ಪ್ಯಾನೆಲ್ ವರ್ಷವಿಡೀ ದುಡಿಯದೆ ಹೋಗಿದ್ದರೂ ನಷ್ಟ ಸುಮಾರು 580 ಯೂನಿಟ್; ನಿಮ್ಮ ಕೊರತೆ 1,700. ಮೋಡದ ಪಾಲು ಒಂದಿಷ್ಟು ಇರಬಹುದಾದರೂ, ಉಳಿದ ಸಾವಿರದ ಚಿಲ್ಲರೆಗೆ ವಿನ್ಯಾಸದ ಕಾಗದ ತೋರಿಸಿ ಉತ್ತರ ಹೇಳಬೇಕಾದವರು ಗುತ್ತಿಗೆದಾರರು. ತೆಗೆಸಿದ ಪ್ಯಾನೆಲ್ಲನ್ನು ಹಳೇ ಸಾಮಾನಿನವರಿಗೆ ಕೊಟ್ಟುಬಿಡಬೇಡಿ. ಅದರ ಸೀರಿಯಲ್ ಸಂಖ್ಯೆ ಕಾಣುವಂತೆ ಫೋಟೋ ತೆಗೆದು, ತಯಾರಕರು ಬಂದು ನೋಡುವವರೆಗೆ ಕನೆಕ್ಟರಿನ ತುದಿಗಳನ್ನು ಮುಚ್ಚಿಸಿ, ಬಿಸಿಲು ಬೀಳದ ಕಡೆ ಗಾಜಿನ ಮುಖವನ್ನು ಗೋಡೆಗೆ ಮಾಡಿ ನಿಲ್ಲಿಸಿಡಿ.