ಸ್ಲೋ ಕ್ವೆರಿ ಲಾಗ್‌ಗೆ ರೆಜೆಕ್ಸ್ (ಪಠ್ಯದಲ್ಲಿ ಪ್ಯಾಟರ್ನ್ ಹುಡುಕುವ ಸೂತ್ರ) ಸಾಕಾ? ಮಾಡಿದವರು ಅನುಭವ ಹೇಳಿ

ಹೊಸ ಡಿಬಿಎ: ಮೈಎಸ್‌ಕ್ಯೂಎಲ್ ಡೇಟಾಬೇಸಿನ 5.6 ಮತ್ತು 8.0, ಎರಡೂ ಆವೃತ್ತಿಗಳ ಸ್ಲೋ ಲಾಗನ್ನು (ತಡವಾಗಿ ಓಡಿದ ಕ್ವೆರಿಗಳ ದಾಖಲೆ) ಒಂದೇ ಪೈಥಾನ್ ಸ್ಕ್ರಿಪ್ಟ್‌ನಲ್ಲಿ ಓದಬೇಕು. ರೆಜೆಕ್ಸ್ ಸಾಕಾ?

ರಾತ್ರಿಪಾಳಿ: ಸಾಕು. ನಮ್ಮ 5.6ಕ್ಕೆ ನಾನು ಬರೆದದ್ದು ಇವತ್ತಿಗೂ ಓಡುತ್ತಿದೆ. ಆದರೆ ಲಾಗ್‌ನಲ್ಲಿ ಹೊತ್ತು ತೋರಿಸುವ ಟೈಮ್ ಸಾಲನ್ನು ನಂಬಬೇಡಿ. ಒಂದೇ ಸೆಕೆಂಡಿನಲ್ಲಿ ನಾಲ್ಕು ಕ್ವೆರಿ ಬಿದ್ದರೆ ಮೊದಲನೆಯದಕ್ಕೆ ಮಾತ್ರ ಆ ಸಾಲು ಇರುತ್ತದೆ. ಅಲ್ಲಿ ಕತ್ತರಿಸಿದರೆ ನಾಲ್ಕೂ ಅಂಟಿಕೊಂಡು, ಮೂರು ರಿಪೋರ್ಟ್‌ನಿಂದಲೇ ಮಾಯ. ನಾನು ಯೂಸರ್-ಹೋಸ್ಟ್ ಸಾಲಿನಲ್ಲಿ (ಕ್ವೆರಿ ಯಾರದು, ಯಾವ ಮಷೀನಿನದು ಅಂತ ಹೇಳುವ ಸಾಲು) ಕತ್ತರಿಸಿ, ಸಮಯವನ್ನು ಪ್ರತಿ ಕ್ವೆರಿಯ ಜೊತೆ ಬರುವ ಸೆಟ್ ಟೈಮ್‌ಸ್ಟ್ಯಾಂಪ್ ಸಾಲಿನಿಂದ ತೆಗೆದೆ.

ಕರಾವಳಿ ಕೋಡರ್: ಆ ಉಪಾಯ 8.0ದಲ್ಲಿ ಕೈಕೊಡುತ್ತದೆ. 8.0.14ರಿಂದ ಆ ಟೈಮ್‌ಸ್ಟ್ಯಾಂಪ್ ಕ್ವೆರಿ ಶುರುವಾದ ಹೊತ್ತು, ಅದಕ್ಕೂ ಮುಂಚೆ ಲಾಗ್‌ಗೆ ಬಿದ್ದ ಹೊತ್ತು. ಟೈಮ್ ಸಾಲು ನೋಡೋಣ ಅಂದರೆ 5.7ರಿಂದ ಡೀಫಾಲ್ಟ್ ಆಗಿ ಯುಟಿಸಿ (ಜಾಗತಿಕ ಪ್ರಮಾಣ ಸಮಯ), ನಮ್ಮ ಗಡಿಯಾರಕ್ಕಿಂತ ಐದೂವರೆ ಗಂಟೆ ಹಿಂದೆ. ನಮ್ಮ ಹಳೇ ಆಫೀಸಿನಲ್ಲಿ 14 ಜಿಬಿ ಫೈಲನ್ನು ಪೂರ್ತಿ ಮೆಮೊರಿಗೆ ಎಳೆದು, ಡಾಟ್ ಸ್ಟಾರ್ (ಏನಿದ್ದರೂ ಹೊಂದುವ ಚಿಹ್ನೆ) ಹಾಕಿದ ಒಂದೇ ಪ್ಯಾಟರ್ನ್ ಓಡಿಸುತ್ತಿದ್ದರು. ಪ್ರೋಸೆಸ್ ಸಾಯುತ್ತಿತ್ತು. ಬರೀ ಪಾರ್ಸಿಂಗ್‌ಗೆ ದೊಡ್ಡ ಮಷೀನ್ ಬಾಡಿಗೆಗೆ ಹಿಡಿದರು, ತಿಂಗಳಿಗೆ 18 ಸಾವಿರ! ನಾನು ಪಿಟಿ-ಕ್ವೆರಿ-ಡೈಜೆಸ್ಟ್ (ಸ್ಲೋ ಲಾಗ್ ಓದುವ ಸಿದ್ಧ ಟೂಲ್) ಹಾಕಿದ ಮೇಲೆ ಆ ಖರ್ಚು ನಿಂತಿತು.

ರಾತ್ರಿಪಾಳಿ: ಅದು ರೆಜೆಕ್ಸ್ ತಪ್ಪಲ್ಲ ಸರ್. ಸಾಲು ಸಾಲಾಗಿ ಓದಬೇಕಿತ್ತು. ನೀವು ಹೊಗಳುವ ಪಿಟಿ ಒಳಗೆ ಇರುವುದೂ ಪರ್ಲ್ ಭಾಷೆಯ ರೆಜೆಕ್ಸೇ, ತೆರೆದು ನೋಡಿ.

ಕರಾವಳಿ ಕೋಡರ್: ನೋಡಿದ್ದೇನೆ. ಎಷ್ಟೋ ಜನ ಪೆಟ್ಟು ತಿಂದು ತಿದ್ದಿದ ರೆಜೆಕ್ಸ್ ಅದು. ಒಬ್ಬರೇ ಕೂತು ಬರೆದದ್ದಕ್ಕೆ ಹೋಲಿಸಬೇಡಿ.

ಆನೆಪ್ರೇಮಿ: ನಾವು ಬಳಸುವ ಡೇಟಾಬೇಸ್ ಪೋಸ್ಟ್‌ಗ್ರೆಸ್. ಯಾರೋ ಲಾಗ್ ಲೈನ್ ಪ್ರಿಫಿಕ್ಸ್ (ಪ್ರತಿ ಲಾಗ್ ಸಾಲಿನ ಶುರುವಿನಲ್ಲಿ ಏನು ಬರಬೇಕು ಅನ್ನುವ ಸೆಟ್ಟಿಂಗ್) ಬದಲಿಸಿದರು. ಸ್ಕ್ರಿಪ್ಟ್ ಎರರ್ ಕೂಡ ಕೊಡಲಿಲ್ಲ, ರಿಪೋರ್ಟ್ ಖಾಲಿ ಬಂತು. ಸ್ಲೋ ಕ್ವೆರಿ ಇಲ್ಲವೇ ಇಲ್ಲ ಅಂತ ಮ್ಯಾನೇಜರ್ ಖುಷಿಪಟ್ಟರು. ಆಮೇಲೆ ಪಿಜಿಬ್ಯಾಡ್ಜರ್ (ಪೋಸ್ಟ್‌ಗ್ರೆಸ್ ಲಾಗ್ ಓದುವ ಸಿದ್ಧ ಟೂಲ್) ಹಿಡಿದೆವು. ಈಗ ಪೋಸ್ಟ್‌ಗ್ರೆಸ್ 15ರಿಂದ ಜೇಸನ್ (ಪ್ರೋಗ್ರಾಂ ಸುಲಭವಾಗಿ ಓದುವ ರೂಪ) ಲಾಗೇ ಸಿಗುತ್ತದೆ. ಮೈಎಸ್‌ಕ್ಯೂಎಲ್ ಬಿಟ್ಟು ಬನ್ನಿ.

ರಾತ್ರಿಪಾಳಿ: ಕೇಳಿದ್ದು ಲಾಗ್ ಓದುವ ಬಗ್ಗೆ, ಡೇಟಾಬೇಸ್ ಬದಲಿಸುವ ಬಗ್ಗೆ ಅಲ್ವಲ್ಲ! ಎಲ್ಲಾ ಕಡೆ ಇದೇ ಪ್ರಚಾರ ಯಾಕೆ?

ಆನೆಪ್ರೇಮಿ: ಪ್ರಚಾರ ಅಲ್ಲ, ಅನುಭವಿಸಿದ್ದು ಹೇಳಿದೆ. ನಿಮಗೆ ಬೇಡದಿದ್ದರೆ ಬಿಡಿ.

ಮಲ್ಲಿಗೆ: ಜಗಳ ಆಮೇಲೆ ಆಡಿ. ಸ್ಲೋ ಲಾಗ್‌ನಲ್ಲಿ ಗ್ರಾಹಕರ ಫೋನ್ ನಂಬರ್ ಹಾಗೇ ಕೂತಿರುತ್ತದೆ, ಅದನ್ನು ಯಾರೂ ಹೇಳಲಿಲ್ಲ. ನಾನು ಮೊದಲು ಕೋಟ್ ಒಳಗಿನದನ್ನು, ಆಮೇಲೆ ಅಂಕಿಗಳನ್ನು ಪ್ರಶ್ನೆ ಚಿಹ್ನೆ ಮಾಡುತ್ತೇನೆ. ಕೋಟ್‌ಗಿಂತ ಮೊದಲು ಬ್ಯಾಕ್‌ಸ್ಲ್ಯಾಶ್ ಇದ್ದರೆ ಅಲ್ಲಿ ಸ್ಟ್ರಿಂಗ್ (ಕೋಟ್ ಒಳಗಿನ ಪಠ್ಯ) ಸಾಮಾನ್ಯವಾಗಿ ಮುಗಿಯುವುದಿಲ್ಲ. ಇದಕ್ಕೆ ಪ್ಯಾಟರ್ನ್ ಬರೆಯದೆ ರಿಪೋರ್ಟ್ ಯಾರಿಗೂ ಮೇಲ್ ಮಾಡಬೇಡಿ.